ಅಪಧಮನಿ ಪೆಡಸುತನ ಮತ್ತು ಮುಪ್ಪಿನ ರಕ್ತಸೂಚಕಗಳು

ಅಪಧಮನಿ ಪೆಡಸುತನವೆಂದರೆ ಹೃದಯದಿಂದ ರಕ್ತವನ್ನು ಒಯ್ಯುವ ದೊಡ್ಡ ಅಪಧಮನಿಗಳ, ಅದರಲ್ಲೂ ಮಹಾಪಧಮನಿಯ, ಗೋಡೆ ಹಿಗ್ಗಿ ಕುಗ್ಗುವ ಗುಣವನ್ನು ಕ್ರಮೇಣ ಕಳೆದುಕೊಂಡು ಬಿಗಿಯಾಗುವ ಸ್ಥಿತಿ. ವಯಸ್ಸು ಏರಿದಂತೆ ಇದು ಬಹುಪಾಲು ಎಲ್ಲರಲ್ಲೂ ಕಾಣಿಸಿಕೊಳ್ಳುತ್ತದೆ. ಆದರೆ ಅದರ ವೇಗ ಒಬ್ಬರಿಂದ ಒಬ್ಬರಿಗೆ ಬೇರೆಯಾಗಿರುತ್ತದೆ. ರಕ್ತದಲ್ಲಿ ಅಳೆಯಬಹುದಾದ, ವಯಸ್ಸಿನೊಂದಿಗೆ ಏರುವ ಅಥವಾ ಇಳಿಯುವ, ದೇಹದ ಸವೆತವನ್ನು ಸೂಚಿಸುವ ಪ್ರೋಟೀನು, ಇತರ ರಾಸಾಯನಿಕ ಮತ್ತು ಜೀವಕೋಶ ಲಕ್ಷಣಗಳಿಗೆ ಮುಪ್ಪಿನ ರಕ್ತಸೂಚಕಗಳೆಂದು ಹೆಸರು. ಹುಟ್ಟಿದ ದಿನದಿಂದ ಎಣಿಸುವುದು ಕಾಲಮಾನದ ವಯಸ್ಸು. ಅಂಗಾಂಶಗಳ ಸ್ಥಿತಿಯಿಂದ ಅಂದಾಜು ಮಾಡುವುದು ಜೈವಿಕ ವಯಸ್ಸು. ಈ ಎರಡರ ನಡುವಿನ ಅಂತರವನ್ನು ಅಪಧಮನಿಯ ಗೋಡೆಯಲ್ಲೂ ರಕ್ತದಲ್ಲೂ ಗುರುತಿಸುವ ಪ್ರಯತ್ನವೇ ಈ ಅಧ್ಯಯನ ಕ್ಷೇತ್ರದ ತಿರುಳು.

ಪದಗಳ ವ್ಯಾಪ್ತಿ

ಪೆಡಸುತನ ಮತ್ತು ಅಥೆರೋಸ್ಕ್ಲೆರೋಸಿಸ್ ಬೇರೆ ಬೇರೆ. ಅಥೆರೋಸ್ಕ್ಲೆರೋಸಿಸ್ ಅಪಧಮನಿಯ ಒಳಪದರದಲ್ಲಿ ಕೊಬ್ಬು, ಉರಿಯೂತದ ಕೋಶಗಳು ಮತ್ತು ನಾರು ಸೇರಿ ಅಲ್ಲಲ್ಲಿ ಪ್ಲಾಕ್ ಕಟ್ಟುವ ರೋಗ. ಅದು ನಾಳದ ದಾರಿಯನ್ನು ಕಿರಿದಾಗಿಸುತ್ತದೆ. ಪೆಡಸುತನ ಮುಖ್ಯವಾಗಿ ನಡುಪದರದ ಬದಲಾವಣೆ. ಅದು ನಾಳದ ಉದ್ದಕ್ಕೂ ಹರಡಿರುತ್ತದೆ, ನಾಳ ಕಿರಿದಾಗುವ ಬದಲು ಸ್ವಲ್ಪ ಅಗಲವಾಗುವುದೂ ಉಂಟು. ಎರಡೂ ಒಬ್ಬರಲ್ಲೇ ಕೂಡಿ ಬರುವುದು ಸಾಮಾನ್ಯವಾದರೂ ಒಂದಿಲ್ಲದೆ ಇನ್ನೊಂದು ಇರಬಲ್ಲದು. ಜರ್ಮನಿಯ ಯೋಹಾನ್ ಗಿಯೋರ್ಗ್ ಮೊಂಕೆಬರ್ಗ್ 1903ರಲ್ಲಿ ವರ್ಣಿಸಿದ, ನಡುಪದರದಲ್ಲಿ ಸುಣ್ಣ ಕಟ್ಟುವ ಬಗೆ ಮಧುಮೇಹ ಮತ್ತು ಮೂತ್ರಪಿಂಡ ರೋಗಗಳಲ್ಲಿ ಹೆಚ್ಚು. ರಕ್ತದ ಏರೊತ್ತಡ ಕೂಡ ಪೆಡಸುತನಕ್ಕೆ ಪರ್ಯಾಯ ಪದವಲ್ಲ. ಅವು ಒಂದನ್ನೊಂದು ಬೆಳೆಸುವ ಎರಡು ಸ್ಥಿತಿಗಳು.

ಇತಿಹಾಸ

ಇಂಗ್ಲೆಂಡಿನ ಪಾದ್ರಿ ಸ್ಟೀಫನ್ ಹೇಲ್ಸ್ 1733ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಕುದುರೆಯ ರಕ್ತದೊತ್ತಡವನ್ನು ನೇರವಾಗಿ ಅಳೆದ ಪ್ರಯೋಗವಿದೆ. ಬಿಟ್ಟು ಬಿಟ್ಟು ಬಡಿಯುವ ಹೃದಯದಿಂದ ಹೊರಟ ರಕ್ತ ಒಂದೇ ಸಮನೆ ಹರಿಯುವುದು ಅಪಧಮನಿಗಳು ಹಿಗ್ಗಿ ಕುಗ್ಗುವುದರಿಂದ ಎಂದು ಆತ ವಿವರಿಸಿದ. ಆ ಕಾಲದ ಬೆಂಕಿ ನಂದಿಸುವ ಯಂತ್ರದಲ್ಲಿ ಪಂಪಿನ ಹೊಡೆತಗಳನ್ನು ನೀರಿನ ಸತತ ಧಾರೆಯಾಗಿಸುತ್ತಿದ್ದ ಗಾಳಿಗೂಡಿಗೆ ಅವನ್ನು ಹೋಲಿಸಿದ. ಇದೇ ಕಲ್ಪನೆಗೆ ಜರ್ಮನಿಯ ಓಟೋ ಫ್ರಾಂಕ್ 1899ರಲ್ಲಿ ಗಣಿತದ ರೂಪ ಕೊಟ್ಟ.

ನಾಡಿಯ ಅಲೆ ಸಾಗುವ ವೇಗ ಗೋಡೆಯ ಬಿಗಿತವನ್ನು ಅವಲಂಬಿಸಿದೆ ಎಂಬುದನ್ನು ತಾಮಸ್ ಯಂಗ್ 1808ರ ಉಪನ್ಯಾಸವೊಂದರಲ್ಲಿ ಚರ್ಚಿಸಿದ್ದ. ಡಚ್ ವಿಜ್ಞಾನಿಗಳಾದ ಮೋಯೆನ್ಸ್ ಮತ್ತು ಕೊರ್ಟೆವೆಗ್ 1878ರಲ್ಲಿ ಈ ಸಂಬಂಧದ ಸೂತ್ರವನ್ನು ನೀಡಿದರು. ಬ್ರಾಮ್‌ವೆಲ್ ಮತ್ತು ಎ. ವಿ. ಹಿಲ್ 1922ರಲ್ಲಿ ಮನುಷ್ಯರಲ್ಲಿ ಈ ವೇಗವನ್ನು ಅಳೆದು, ಅದನ್ನು ಅಪಧಮನಿಯ ಹಿಗ್ಗುವ ಗುಣದೊಂದಿಗೆ ಜೋಡಿಸಿದರು.

ವೈದ್ಯಕೀಯ ಬಳಕೆಯ ಕಡೆಯಿಂದ ಫ್ರಾನ್ಸಿನ ಎತಿಯೆನ್ ಜೂಲ್ ಮಾರೆ 1860ರ ವೇಳೆಗೆ ನಾಡಿಯ ಮಿಡಿತವನ್ನು ಕಾಗದದ ಮೇಲೆ ಗೆರೆಯಾಗಿ ಬರೆಯುವ ನಾಡಿಲೇಖಿಯನ್ನು ರೂಪಿಸಿದ. ಅದನ್ನು ಸುಧಾರಿಸಿ ರೋಗಿಗಳಲ್ಲಿ ಬಳಸಿದವರಲ್ಲಿ ಲಂಡನ್ನಿನ ಗೈಸ್ ಆಸ್ಪತ್ರೆಯ ಫ್ರೆಡರಿಕ್ ಅಕ್ಬರ್ ಮಹಮದ್ ಪ್ರಮುಖ. ಆತ ಪಟ್ನಾದಲ್ಲಿ ಹುಟ್ಟಿ ಇಂಗ್ಲೆಂಡಿನಲ್ಲಿ ನೆಲೆಸಿದ ಸೇಕ್ ದೀನ್ ಮಹಮದನ ಮೊಮ್ಮಗ. ಏರೊತ್ತಡದಲ್ಲಿಯೂ ಮುಪ್ಪಿನಲ್ಲಿಯೂ ನಾಡಿಯ ಗೆರೆ ಹೇಗೆ ಬದಲಾಗುತ್ತದೆ ಎಂಬುದನ್ನು 1870ರ ದಶಕದಲ್ಲಿ ವರ್ಣಿಸಿದ ಆತ 1884ರಲ್ಲಿ ವಿಷಮಶೀತ ಜ್ವರದಿಂದ ತೀರಿಕೊಂಡ. 1896ರಲ್ಲಿ ರೀವಾ ರೋಚ್ಚಿಯ ತೋಳುಪಟ್ಟಿ, 1905ರಲ್ಲಿ ಕೊರೊಟ್ಕಾಫ್‌ನ ಆಲಿಸುವ ವಿಧಾನ ಬಂದ ಮೇಲೆ ವೈದ್ಯರ ಗಮನ ರಕ್ತದೊತ್ತಡದ ಎರಡು ಅಂಕಿಗಳತ್ತ ತಿರುಗಿತು, ನಾಡಿಲೇಖಿ ಮೂಲೆ ಸೇರಿತು. ಅಲೆಯ ವಿಶ್ಲೇಷಣೆ ಮತ್ತೆ ಮುನ್ನೆಲೆಗೆ ಬಂದದ್ದು 20ನೆಯ ಶತಮಾನದ ಕೊನೆಯ ದಶಕಗಳಲ್ಲಿ.

ಗೋಡೆಯ ರಚನೆ

ಅಪಧಮನಿಯ ಗೋಡೆಗೆ ಮೂರು ಪದರಗಳಿವೆ. ಒಳಪದರಕ್ಕೆ ರಕ್ತವನ್ನು ಮುಟ್ಟುವ ಎಂಡೋಥೀಲಿಯಂ ಕೋಶಗಳ ಹಾಸು ಇದೆ. ನಡುಪದರದಲ್ಲಿ ಎಲಾಸ್ಟಿನ್ ಹಾಳೆಗಳು, ಕೊಲ್ಲಾಜನ್ ನಾರು ಮತ್ತು ನಯಸ್ನಾಯು ಕೋಶಗಳು ಒಂದರ ಮೇಲೊಂದು ಜೋಡಣೆಯಾಗಿವೆ. ಹೊರಪದರದಲ್ಲಿ ಕೊಲ್ಲಾಜನ್, ನರಗಳು ಮತ್ತು ಸಣ್ಣ ರಕ್ತನಾಳಗಳಿವೆ. ಎದೆಭಾಗದ ಮಹಾಪಧಮನಿಯಲ್ಲಿ ಎಲಾಸ್ಟಿನ್ ಹಾಳೆಗಳು ಸುಮಾರು 50. ಹೃದಯದಿಂದ ದೂರ ಹೋದಂತೆ ಎಲಾಸ್ಟಿನ್ ಕಡಿಮೆಯಾಗಿ ಸ್ನಾಯುವಿನ ಪಾಲು ಹೆಚ್ಚುತ್ತದೆ.

ಒತ್ತಡ ಕಡಿಮೆಯಿದ್ದಾಗ ಹೊರೆಯನ್ನು ಎಲಾಸ್ಟಿನ್ ಹೊರುತ್ತದೆ. ಒತ್ತಡ ಏರಿದಾಗ ಅದಕ್ಕಿಂತ ಬಹಳ ಬಿಗಿಯಾದ ಕೊಲ್ಲಾಜನ್ ಹೊರುತ್ತದೆ. ಹೀಗಾಗಿ ಒಂದೇ ಅಪಧಮನಿ ಹೆಚ್ಚಿನ ಒತ್ತಡದಲ್ಲಿ ಹೆಚ್ಚು ಪೆಡಸಾಗಿ ತೋರುತ್ತದೆ. ಎಳೆಯರಲ್ಲಿ ಮಹಾಪಧಮನಿ ಪ್ರತಿ ಬಡಿತಕ್ಕೂ ಸುಮಾರು ಶೇ. 10ರಷ್ಟು ಹಿಗ್ಗುತ್ತದೆ. ಹೃದಯ ಹೊರಹಾಕಿದ ರಕ್ತದ ಒಂದು ಭಾಗವನ್ನು ಆಗ ತನ್ನಲ್ಲಿ ಇರಿಸಿಕೊಂಡು, ಹೃದಯ ಸಡಿಲಗೊಂಡಾಗ ಮುಂದಕ್ಕೆ ತಳ್ಳುತ್ತದೆ.

ಪೆಡಸಾಗುವ ಬಗೆ

ಎಲಾಸ್ಟಿನ್ ತಯಾರಾಗುವುದು ಮುಖ್ಯವಾಗಿ ಗರ್ಭದಲ್ಲಿ ಮತ್ತು ಬಾಲ್ಯದಲ್ಲಿ. ಆ ಬಳಿಕ ಹೊಸದಾಗಿ ಸೇರುವುದು ಅತ್ಯಲ್ಪ. ಹೃದಯ ನಿಮಿಷಕ್ಕೆ 70ರಂತೆ ಬಡಿದರೆ ವರ್ಷಕ್ಕೆ 3.6 ಕೋಟಿಗೂ ಹೆಚ್ಚು, 30 ವರ್ಷಕ್ಕೆ 110 ಕೋಟಿಯಷ್ಟು ಬಡಿತಗಳಾಗುತ್ತವೆ. ಇಷ್ಟು ಸಲ ಎಳೆತಕ್ಕೆ ಸಿಕ್ಕ ಎಲಾಸ್ಟಿನ್ ಹಾಳೆಗಳು ದಣಿದು ತುಂಡಾಗುತ್ತವೆ, ಹೊರೆ ಕೊಲ್ಲಾಜನ್‌ಗೆ ವರ್ಗವಾಗುತ್ತದೆ. ಹೆಚ್ಚು ಹಿಗ್ಗುವ ಮಹಾಪಧಮನಿ ವಯಸ್ಸಿನೊಂದಿಗೆ ಹೆಚ್ಚು ಪೆಡಸಾಗುವುದಕ್ಕೂ, ಅಷ್ಟಾಗಿ ಹಿಗ್ಗದ ತೋಳಿನ ಅಪಧಮನಿ ಕಡಿಮೆ ಬದಲಾಗುವುದಕ್ಕೂ ಇದು ಮುಖ್ಯ ವಿವರಣೆ.

ಇದರ ಜೊತೆಗೆ ಬೇರೆ ನಾಲ್ಕು ಕ್ರಿಯೆಗಳು ನಡೆಯುತ್ತವೆ. ಮೊದಲನೆಯದು, ಸಕ್ಕರೆಯ ಅಣುಗಳು ಪ್ರೋಟೀನುಗಳಿಗೆ ಅಂಟಿ ಕೊಲ್ಲಾಜನ್ ಎಳೆಗಳ ನಡುವೆ ಅಡ್ಡಬೆಸುಗೆ ಹಾಕುವುದು. ಇದರ ಮೂಲ ರಾಸಾಯನಿಕ ಕ್ರಿಯೆಯನ್ನು ಲೂಯಿ ಕಮಿಲ್ ಮಯ್ಯಾರ್ 1912ರಲ್ಲಿ ವರ್ಣಿಸಿದ. ಎರಡನೆಯದು, ಎಂಡೋಥೀಲಿಯಂ ತಯಾರಿಸುವ ನೈಟ್ರಿಕ್ ಆಕ್ಸೈಡ್ ಕಡಿಮೆಯಾಗಿ ನಯಸ್ನಾಯು ಬಿಗಿಯಾಗಿಯೇ ಉಳಿಯುವುದು. ಮೂರನೆಯದು, ನಯಸ್ನಾಯು ಕೋಶಗಳು ಮೂಳೆಕೋಶಗಳ ಲಕ್ಷಣ ತಳೆದು ಗೋಡೆಯಲ್ಲಿ ಸುಣ್ಣ ಕಟ್ಟುವುದು. ನಾಲ್ಕನೆಯದು, ಉರಿಯೂತದ ಪ್ರಭಾವದಲ್ಲಿ ಹೆಚ್ಚುವ ಕಿಣ್ವಗಳು ಎಲಾಸ್ಟಿನ್ನನ್ನು ಕತ್ತರಿಸುವುದು.

ಜೀನ್ ಸಂಬಂಧಿ ರೋಗವೊಂದು ಪೆಡಸಾಗುವ ಕ್ರಿಯೆಯನ್ನು ಎದ್ದು ಕಾಣುವಂತೆ ತೋರಿಸುತ್ತದೆ. ಲ್ಯಾಮಿನ್-ಎ ಜೀನಿನ ದೋಷದಿಂದ ಬರುವ ಪ್ರೊಜೇರಿಯಾದಲ್ಲಿ ಮಕ್ಕಳ ಅಪಧಮನಿಯ ನಯಸ್ನಾಯು ಕೋಶಗಳು ನಶಿಸುತ್ತವೆ, ನಾಡಿ ಅಲೆಯ ವೇಗ ಮುದುಕರಲ್ಲಿ ಕಾಣುವ ಮಟ್ಟಕ್ಕೆ ಏರುತ್ತದೆ. ಚಿಕಿತ್ಸೆ ಸಿಗದ ಹೆಚ್ಚಿನ ಮಕ್ಕಳು ಹದಿಹರೆಯದಲ್ಲೇ ಹೃದಯಾಘಾತ ಅಥವಾ ಪಾರ್ಶ್ವವಾಯುವಿನಿಂದ ಸಾಯುತ್ತಾರೆ. ದೋಷವಿರುವ ಜೀನನ್ನು 2003ರಲ್ಲಿ ಗುರುತಿಸಲಾಯಿತು; ಲೊನಾಫಾರ್ನಿಬ್ ಎಂಬ ಔಷಧಕ್ಕೆ 2020ರಲ್ಲಿ ಅಮೆರಿಕದಲ್ಲಿ ಅನುಮತಿ ದೊರೆಯಿತು.

ಪರಿಣಾಮಗಳು

ಗೋಡೆ ಪೆಡಸಾದಾಗ ಹೃದಯ ಸಂಕುಚಿಸುವ ಹೊತ್ತಿನ ಮೇಲಿನ ಒತ್ತಡ ಏರುತ್ತದೆ, ಸಡಿಲಗೊಳ್ಳುವ ಹೊತ್ತಿನ ಕೆಳಗಿನ ಒತ್ತಡ ಇಳಿಯುತ್ತದೆ. ಎರಡರ ನಡುವಿನ ವ್ಯತ್ಯಾಸವೇ ನಾಡಿ ಒತ್ತಡ. 120/80 ಇದ್ದವರಲ್ಲಿ ಅದು 40 ಮಿ.ಮೀ. ಪಾದರಸ, 160/70 ಇದ್ದವರಲ್ಲಿ 90. ಅಮೆರಿಕದ ಫ್ರೇಮಿಂಗ್‌ಹ್ಯಾಮ್ ಪಟ್ಟಣದಲ್ಲಿ 1948ರಲ್ಲಿ ಶುರುವಾದ ದೀರ್ಘಾವಧಿ ಅಧ್ಯಯನದ ಪ್ರಕಾರ ಮೇಲಿನ ಒತ್ತಡ ಜೀವನದುದ್ದಕ್ಕೂ ಏರುತ್ತಾ ಹೋಗುತ್ತದೆ, ಕೆಳಗಿನದು 50ರಿಂದ 60ರ ವಯಸ್ಸಿನ ನಂತರ ಇಳಿಯತೊಡಗುತ್ತದೆ. ವೃದ್ಧರಲ್ಲಿ ಮೇಲಿನ ಅಂಕಿ ಮಾತ್ರ ಹೆಚ್ಚಿರುವ ಏರೊತ್ತಡಕ್ಕೆ ಪೆಡಸುತನ ಪ್ರಧಾನ ಕಾರಣ.

ಹೆಚ್ಚಿದ ಒತ್ತಡದ ಎದುರು ದುಡಿಯುವ ಎಡ ಹೃತ್ಕುಕ್ಷಿಯ ಸ್ನಾಯು ದಪ್ಪವಾಗುತ್ತದೆ. ಹೃದಯದ ಸ್ವಂತ ರಕ್ತಪೂರೈಕೆ ಬಹುಮಟ್ಟಿಗೆ ಸಡಿಲಗೊಳ್ಳುವ ಹೊತ್ತಿನಲ್ಲೇ ನಡೆಯುವುದರಿಂದ, ಕೆಳಗಿನ ಒತ್ತಡ ಇಳಿದರೆ ಹೃದಯಕ್ಕೆ ರಕ್ತ ಸಾಲದಾಗಬಹುದು. ಮಿದುಳು ಮತ್ತು ಮೂತ್ರಪಿಂಡಗಳಿಗೆ ಸದಾ ಹೆಚ್ಚು ರಕ್ತ ಹರಿಯುತ್ತದೆ, ಅಲ್ಲಿ ತಡೆಯೂ ಕಡಿಮೆ. ಆದ್ದರಿಂದ ಮಿಡಿತದ ಹೊಡೆತ ಈ ಎರಡು ಅಂಗಗಳ ಕಿರುನಾಳಗಳವರೆಗೂ ತಲುಪಿ ಹಾನಿ ಮಾಡುತ್ತದೆ. ಪಾರ್ಶ್ವವಾಯು, ಮರೆವಿನ ರೋಗಗಳು, ಮೂತ್ರಪಿಂಡ ವೈಫಲ್ಯಗಳೊಂದಿಗೆ ಪೆಡಸುತನದ ನಂಟು ಇಲ್ಲಿಂದ ಬಂದದ್ದು.

ಅಳತೆಯ ವಿಧಾನಗಳು

ನಾಡಿ ಅಲೆ ವೇಗ ಅತ್ಯಂತ ಮಾನ್ಯವಾದ ಅಳತೆ. ಇದು ರಕ್ತ ಹರಿಯುವ ವೇಗವಲ್ಲ, ಬಡಿತ ಎಬ್ಬಿಸಿದ ಒತ್ತಡದ ಅಲೆ ಗೋಡೆಯಗುಂಟ ಸಾಗುವ ವೇಗ. ಕೊರಳಿನ ಮತ್ತು ತೊಡೆಸಂದಿನ ಅಪಧಮನಿಗಳ ಮೇಲೆ ಸಂವೇದಕಗಳನ್ನಿಟ್ಟು, ಅಲೆ ಎರಡೂ ಕಡೆ ತಲುಪುವ ಸಮಯದ ಅಂತರವನ್ನು ದಾಖಲಿಸುತ್ತಾರೆ. ಎರಡು ಬಿಂದುಗಳ ನೇರ ದೂರದ ಶೇ. 80ನ್ನು ಅಲೆ ಕ್ರಮಿಸಿದ ದೂರವೆಂದು ಗಣಿಸುವುದು ರೂಢಿ. ನೇರ ದೂರ 60 ಸೆಂ.ಮೀ. ಇದ್ದರೆ ಲೆಕ್ಕಕ್ಕೆ ಸಿಗುವುದು 48 ಸೆಂ.ಮೀ. ಸಮಯದ ಅಂತರ 60 ಮಿಲಿಸೆಕೆಂಡು ಆದರೆ ವೇಗ ಸೆಕೆಂಡಿಗೆ 8 ಮೀಟರು, 40 ಮಿಲಿಸೆಕೆಂಡು ಆದರೆ 12 ಮೀಟರು. ಮೂವತ್ತರೊಳಗಿನ ಆರೋಗ್ಯವಂತರಲ್ಲಿ ಈ ವೇಗ ಸುಮಾರು 6 ಮೀಟರು. 70 ದಾಟಿದವರಲ್ಲಿ 10 ಮೀಟರು ಮೀರುವುದು ಸಾಮಾನ್ಯ. ಐರೋಪ್ಯ ತಜ್ಞರ 2013ರ ಏರೊತ್ತಡ ಮಾರ್ಗಸೂಚಿ 10 ಮೀಟರನ್ನು ಅಪಾಯದ ಗೆರೆಯಾಗಿ ಇಟ್ಟುಕೊಂಡಿತು. ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ 2010ರಲ್ಲಿ ಪ್ರಕಟವಾದ ವಿಶ್ಲೇಷಣೆಯಲ್ಲಿ, ವೇಗ ಸೆಕೆಂಡಿಗೆ 1 ಮೀಟರು ಹೆಚ್ಚಿದರೆ ಹೃದಯ ಮತ್ತು ರಕ್ತನಾಳ ಸಂಬಂಧಿ ಅಪಾಯ ಸುಮಾರು ಶೇ. 15ರಷ್ಟು ಏರುವುದು ಕಂಡುಬಂತು.

ತೋಳು ಮತ್ತು ಕಾಲಿನ ಗಿಣ್ಣಿಗೆ ಪಟ್ಟಿ ಕಟ್ಟಿ ಅಳೆಯುವ ವಿಧಾನ ಜಪಾನಿನಲ್ಲಿ ಹೆಚ್ಚು ಬಳಕೆಯಲ್ಲಿದೆ. ನಾಡಿ ಅಲೆಯ ಆಕಾರದಿಂದ ಲೆಕ್ಕಹಾಕುವ ವರ್ಧನ ಸೂಚ್ಯಂಕ, ಅಲ್ಟ್ರಾಸೌಂಡಿನಿಂದ ಕೊರಳಿನ ಅಪಧಮನಿಯ ಹಿಗ್ಗುವಿಕೆಯ ಅಳತೆ, ಎಂಆರ್‌ಐ ಚಿತ್ರಣ ಇತರ ವಿಧಾನಗಳು. ಅಳೆಯುವ ಮುನ್ನ ವಿಶ್ರಾಂತಿ ಅಗತ್ಯ. ಅಂದಿನ ರಕ್ತದೊತ್ತಡವನ್ನು ಪಕ್ಕದಲ್ಲೇ ದಾಖಲಿಸದಿದ್ದರೆ ಫಲಿತಾಂಶವನ್ನು ಸರಿಯಾಗಿ ಅರ್ಥೈಸಲಾಗದು.

ರಕ್ತಸೂಚಕಗಳ ಬಗೆಗಳು

ಉರಿಯೂತದ ಸೂಚಕಗಳು: ಯಕೃತ್ತು ತಯಾರಿಸುವ ಸಿ-ರಿಯಾಕ್ಟಿವ್ ಪ್ರೋಟೀನನ್ನು 1930ರಲ್ಲಿ ನ್ಯೂಯಾರ್ಕಿನ ರಾಕ್‌ಫೆಲರ್ ಸಂಸ್ಥೆಯ ಟಿಲೆಟ್ ಮತ್ತು ಫ್ರಾನ್ಸಿಸ್ ಕಂಡುಹಿಡಿದರು. ಸೂಕ್ಷ್ಮ ಪರೀಕ್ಷೆಯಲ್ಲಿ ಲೀಟರಿಗೆ 1 ಮಿಲಿಗ್ರಾಮಿಗಿಂತ ಕಡಿಮೆಯಿದ್ದರೆ ಹೃದ್ರೋಗದ ಅಪಾಯ ಕಡಿಮೆ, 3 ಮೀರಿದರೆ ಹೆಚ್ಚು ಎಂಬ ವಿಂಗಡಣೆ ರೂಢಿಯಲ್ಲಿದೆ. ಇಂಟರ್‌ಲ್ಯೂಕಿನ್-6 ಇದೇ ಗುಂಪಿಗೆ ಸೇರಿದ್ದು. ಸೋಂಕಿಲ್ಲದೆಯೂ ಮುಪ್ಪಿನಲ್ಲಿ ಸಣ್ಣಗೆ ಮುಂದುವರಿಯುವ ಉರಿಯೂತದ ಕಲ್ಪನೆಯನ್ನು ಇಟಲಿಯ ಕ್ಲಾಡಿಯೊ ಫ್ರಾನ್ಚೆಸ್ಕಿ 2000ದಲ್ಲಿ ಮಂಡಿಸಿದ.

ಗೋಡೆಯ ಸವೆತದ ಸೂಚಕಗಳು: ಎಲಾಸ್ಟಿನ್ ಒಡೆದಾಗ ಡೆಸ್ಮೋಸಿನ್ ಎಂಬ ಅಡ್ಡಬೆಸುಗೆಯ ತುಣುಕು ರಕ್ತ ಮತ್ತು ಮೂತ್ರಗಳಲ್ಲಿ ಸಿಗುತ್ತದೆ. ಎಲಾಸ್ಟಿನ್ ಶ್ವಾಸಕೋಶದಲ್ಲೂ ಇರುವುದರಿಂದ ಡೆಸ್ಮೋಸಿನ್ ಏರಿಕೆ ಅಪಧಮನಿಯೊಂದನ್ನೇ ಸೂಚಿಸುವುದಿಲ್ಲ.

ಸುಣ್ಣ ಕಟ್ಟುವಿಕೆಯ ಸೂಚಕಗಳು: ಮ್ಯಾಟ್ರಿಕ್ಸ್ ಗ್ಲಾ ಪ್ರೋಟೀನು ಗೋಡೆಯಲ್ಲಿ ಸುಣ್ಣ ಕಟ್ಟದಂತೆ ತಡೆಯುತ್ತದೆ, ಅದು ಕ್ರಿಯಾಶೀಲವಾಗಲು ಕೆ ಜೀವಸತ್ವ ಬೇಕು. ಈ ಪ್ರೋಟೀನಿಲ್ಲದ ಇಲಿಗಳು ಅಪಧಮನಿ ಸುಣ್ಣಗಟ್ಟಿ ಒಡೆದು ಎರಡು ತಿಂಗಳೊಳಗೆ ಸಾಯುವುದು 1997ರಲ್ಲಿ ವರದಿಯಾಯಿತು. ಅದರ ನಿಷ್ಕ್ರಿಯ ರೂಪ ರಕ್ತದಲ್ಲಿ ಹೆಚ್ಚಿದ್ದರೆ ಪೆಡಸುತನವೂ ಹೆಚ್ಚಿರುವುದು ಕಂಡುಬಂದಿದೆ. ಫೆಟ್ಯೂಯಿನ್-ಎ, ಮತ್ತು ಜಪಾನಿನ ಮಕೋಟೊ ಕುರೊ-ಒ ತಂಡ 1997ರಲ್ಲಿ ವರ್ಣಿಸಿದ ಕ್ಲೋಥೊ ಪ್ರೋಟೀನು ಇದೇ ಗುಂಪಿನವು. ಕ್ಲೋಥೊ ಕೊರತೆಯ ಇಲಿಗಳಲ್ಲಿ ಅಕಾಲ ಮುಪ್ಪು, ಅಪಧಮನಿ ಸುಣ್ಣಗಟ್ಟುವಿಕೆ ಎರಡೂ ಕಾಣುತ್ತವೆ.

ಚಯಾಪಚಯ ಮತ್ತು ಅಂಗಗಳ ಸೂಚಕಗಳು: ಹಿಮೋಗ್ಲೋಬಿನ್ನಿಗೆ ಅಂಟಿದ ಸಕ್ಕರೆಯ ಪ್ರಮಾಣವನ್ನು ತೋರಿಸುವ ಎಚ್‌ಬಿಎ1ಸಿ, ಮೂತ್ರಪಿಂಡದ ಕೆಲಸವನ್ನು ತೋರಿಸುವ ಕ್ರಿಯಾಟಿನಿನ್ ಮತ್ತು ಸಿಸ್ಟಾಟಿನ್-ಸಿ, ಹೃದಯದ ಒತ್ತಡವನ್ನು ತೋರಿಸುವ ಎನ್‌ಟಿ-ಪ್ರೊಬಿಎನ್‌ಪಿ ಇಲ್ಲಿ ಬರುತ್ತವೆ. ಸ್ನಾಯು ಕರಗಿದ ವೃದ್ಧರಲ್ಲಿ ಕ್ರಿಯಾಟಿನಿನ್ ತಪ್ಪು ಭರವಸೆ ಕೊಡಬಹುದು. ಸಿಸ್ಟಾಟಿನ್-ಸಿಗೆ ಆ ದೋಷ ಕಡಿಮೆ. ಜಿಡಿಎಫ್-15 ವಯಸ್ಸಿನೊಂದಿಗೆ ಸ್ಪಷ್ಟವಾಗಿ ಏರುವ ಪ್ರೋಟೀನು. ಆದರೆ ಮಧುಮೇಹಕ್ಕೆ ಮೆಟ್‌ಫಾರ್ಮಿನ್ ಸೇವಿಸುವವರಲ್ಲಿ ಔಷಧದಿಂದಲೇ ಅದು ಏರುತ್ತದೆ. ಹೋಮೊಸಿಸ್ಟೀನ್ ಬಿ12 ಕೊರತೆಯಲ್ಲಿ ಏರುವುದರಿಂದ ಭಾರತದ ಸಸ್ಯಾಹಾರಿಗಳಲ್ಲಿ ಹೆಚ್ಚಿರುವುದು ಸಾಮಾನ್ಯ. ಜೀವಸತ್ವ ಕೊಟ್ಟು ಅದನ್ನು ಇಳಿಸಿದರೂ ಹೃದಯಾಘಾತ ಕಡಿಮೆಯಾಗಲಿಲ್ಲವೆಂದು ದೊಡ್ಡ ಪ್ರಯೋಗಗಳು ತೋರಿಸಿವೆ.

ಜೀವಕೋಶ ಮತ್ತು ಡಿಎನ್‌ಎ ಸೂಚಕಗಳು: ಬಿಳಿ ರಕ್ತಕಣಗಳ ಟೆಲೊಮಿಯರ್ ತುದಿಗಳು ವಯಸ್ಸಿನೊಂದಿಗೆ ಮೊಟಕಾಗುತ್ತವೆ. ಟೆಲೊಮಿಯರ್ ಸಂಶೋಧನೆಗೆ 2009ರ ನೊಬೆಲ್ ಪ್ರಶಸ್ತಿ ಬಂದಿತು. ಆದರೆ ವ್ಯಕ್ತಿಯೊಬ್ಬರ ಜೈವಿಕ ವಯಸ್ಸನ್ನು ಹೇಳಲು ಅದರ ಉದ್ದ ನಿಖರವಲ್ಲ. ಡಿಎನ್‌ಎ ಮೇಲಿನ ಮೀಥೈಲ್ ಗುರುತುಗಳಿಂದ ವಯಸ್ಸನ್ನು ಲೆಕ್ಕಹಾಕುವ ಎಪಿಜೆನೆಟಿಕ್ ಗಡಿಯಾರವನ್ನು ಸ್ಟೀವ್ ಹೊರ್ವಾತ್ 353 ತಾಣಗಳ ಆಧಾರದ ಮೇಲೆ 2013ರಲ್ಲಿ ಪ್ರಕಟಿಸಿದ. ಅದೇ ವರ್ಷ ಹ್ಯಾನಮ್ ಮತ್ತು ಸಂಗಡಿಗರು ರಕ್ತಕ್ಕೆಂದೇ 71 ತಾಣಗಳ ಗಡಿಯಾರವನ್ನು ರೂಪಿಸಿದರು. ರಕ್ತ ತಯಾರಿಸುವ ಮೂಲಕೋಶಗಳಲ್ಲಿ ರೂಪಾಂತರವಾಗಿ ಒಂದೇ ಕುಲದ ಕಣಗಳು ಹೆಚ್ಚುವ ಸ್ಥಿತಿ 70 ದಾಟಿದವರಲ್ಲಿ ಶೇ. 10ಕ್ಕೂ ಹೆಚ್ಚು ಮಂದಿಯಲ್ಲಿ ಕಾಣುತ್ತದೆ. ಅವರಲ್ಲಿ ಹೃದಯದ ಅಪಧಮನಿ ರೋಗದ ಅಪಾಯ ಸುಮಾರು ಇಮ್ಮಡಿ ಎಂದು 2017ರ ಅಧ್ಯಯನ ತಿಳಿಸಿತು.

ಸಂಯುಕ್ತ ಸೂಚ್ಯಂಕಗಳು: ಮಾರ್ಗನ್ ಲೆವಿನ್ ಮತ್ತು ಸಂಗಡಿಗರು 2018ರಲ್ಲಿ ಪ್ರಕಟಿಸಿದ ಲೆಕ್ಕಾಚಾರದ ಮೊದಲ ಹಂತದಲ್ಲಿ ಬಳಕೆಯಾಗುವುದು ಸಾಮಾನ್ಯ ಪ್ರಯೋಗಾಲಯದಲ್ಲಿ ಸಿಗುವ ಒಂಬತ್ತು ಅಂಶಗಳು: ಆಲ್ಬುಮಿನ್, ಕ್ರಿಯಾಟಿನಿನ್, ಗ್ಲೂಕೋಸ್, ಸಿ-ರಿಯಾಕ್ಟಿವ್ ಪ್ರೋಟೀನು, ಲಿಂಫೋಸೈಟುಗಳ ಶೇಕಡಾವಾರು, ಕೆಂಪು ರಕ್ತಕಣದ ಸರಾಸರಿ ಗಾತ್ರ, ಆ ಗಾತ್ರದ ಏರುಪೇರು, ಆಲ್ಕಲೈನ್ ಫಾಸ್ಫಟೇಸ್ ಮತ್ತು ಬಿಳಿ ರಕ್ತಕಣಗಳ ಸಂಖ್ಯೆ. ಇವನ್ನು ಕಾಲಮಾನದ ವಯಸ್ಸಿನೊಂದಿಗೆ ಸೇರಿಸಿ ಸಾವಿನ ಅಪಾಯಕ್ಕೆ ಹೊಂದುವ ವಯಸ್ಸನ್ನು ಲೆಕ್ಕ ಹಾಕುತ್ತಾರೆ. ಪ್ರೋಟೀನುಗಳನ್ನು ಸಾವಿರಾರು ಸಂಖ್ಯೆಯಲ್ಲಿ ಒಮ್ಮೆಗೇ ಅಳೆಯುವ ವಿಧಾನವೂ ಬಂದಿದೆ. 4,263 ಜನರ ರಕ್ತದಲ್ಲಿ 2,925 ಪ್ರೋಟೀನುಗಳನ್ನು ಅಳೆದ 2019ರ ಅಧ್ಯಯನವೊಂದು ಬದಲಾವಣೆ ಒಂದೇ ಸಮನೆ ನಡೆಯುವುದಿಲ್ಲ, 34, 60 ಮತ್ತು 78ರ ಆಸುಪಾಸಿನಲ್ಲಿ ತೀವ್ರವಾಗುತ್ತದೆ ಎಂದು ವರದಿ ಮಾಡಿತು.

ಉಪಯೋಗ ಮತ್ತು ಮಿತಿಗಳು

ಅಪಾಯದ ಅಂದಾಜು, ಔಷಧ ಪ್ರಯೋಗಗಳ ಮೌಲ್ಯಮಾಪನ, ಜನಸಮುದಾಯಗಳ ಹೋಲಿಕೆ ಈ ಅಳತೆ ಮತ್ತು ಸೂಚಕಗಳ ಮುಖ್ಯ ಉಪಯೋಗ. ಮಿತಿಗಳೂ ಸ್ಪಷ್ಟವಾಗಿವೆ. ಮೊದಲನೆಯದು, ಸೂಚಕವೊಂದು ರೋಗದ ಜೊತೆಗಾರನಾಗಿರಬಹುದು, ಕಾರಣವಾಗಿರಬೇಕಿಲ್ಲ. ಹೋಮೊಸಿಸ್ಟೀನ್ ಇದಕ್ಕೆ ನಿದರ್ಶನ. ಎರಡನೆಯದು, ಒಂದು ಸಮುದಾಯದ ಗಡಿರೇಖೆ ಇನ್ನೊಂದಕ್ಕೆ ಹೊಂದದಿರಬಹುದು. ಬೊಲಿವಿಯಾದ ತ್ಸಿಮಾನೆ ಬುಡಕಟ್ಟಿನ ಸುಮಾರು ಅರ್ಧದಷ್ಟು ವಯಸ್ಕರಲ್ಲಿ ಸೋಂಕುಗಳ ಕಾರಣ ಸಿ-ರಿಯಾಕ್ಟಿವ್ ಪ್ರೋಟೀನು ಹೆಚ್ಚಿದ್ದರೂ, ಹೃದಯದ ಅಪಧಮನಿಗಳಲ್ಲಿ ಸುಣ್ಣ ತೀರ ಕಡಿಮೆ ಇರುವುದು 2017ರಲ್ಲಿ ಪ್ರಕಟವಾಯಿತು. ಮೂರನೆಯದು, ಪರೀಕ್ಷೆಯ ವಿಧಾನವೇ ದಾರಿ ತಪ್ಪಿಸಬಹುದು. ಜಿಡಿಎಫ್-11 ಎಂಬ ಪ್ರೋಟೀನು ವಯಸ್ಸಿನೊಂದಿಗೆ ಕಡಿಮೆಯಾಗುತ್ತದೆ, ಮರಳಿ ಕೊಟ್ಟರೆ ಇಲಿಯ ಹೃದಯ ಸುಧಾರಿಸುತ್ತದೆ ಎಂದು 2013ರಲ್ಲಿ ವರದಿಯಾಗಿತ್ತು. ಬಳಸಿದ್ದ ಪರೀಕ್ಷೆ ಅದನ್ನು ಹೋಲುವ ಮಯೋಸ್ಟಾಟಿನ್ ಪ್ರೋಟೀನಿನಿಂದ ಅದನ್ನು ಬೇರ್ಪಡಿಸುತ್ತಿರಲಿಲ್ಲವೆಂದು 2015ರಲ್ಲಿ ಬೇರೊಂದು ತಂಡ ತೋರಿಸಿತು.

ಹತೋಟಿಯ ಕ್ರಮಗಳು

ನಡಿಗೆ, ಓಟ, ಸೈಕಲ್ ತುಳಿತದಂತಹ ನಿಯಮಿತ ವ್ಯಾಯಾಮ, ಉಪ್ಪಿನ ಮಿತಿ, ತೂಕದ ಹತೋಟಿ, ತಂಬಾಕು ವರ್ಜನೆ ಪೆಡಸುತನವನ್ನು ನಿಧಾನಗೊಳಿಸುತ್ತವೆ. ವಿಶ್ವ ಆರೋಗ್ಯ ಸಂಸ್ಥೆ ವಯಸ್ಕರಿಗೆ ದಿನಕ್ಕೆ 5 ಗ್ರಾಮಿಗಿಂತ ಕಡಿಮೆ ಉಪ್ಪು ಸಾಕೆಂದು ಹೇಳಿದೆ. ಏರೊತ್ತಡದ ಔಷಧಗಳು ಒತ್ತಡವನ್ನು ಇಳಿಸುವ ಮೂಲಕ ಅಲೆಯ ವೇಗವನ್ನೂ ಇಳಿಸುತ್ತವೆ. ಕೊಲ್ಲಾಜನ್ನಿನ ಅಡ್ಡಬೆಸುಗೆ ಬಿಡಿಸಲೆಂದು ತಯಾರಿಸಿದ ಅಲಜೆಬ್ರಿಯಂ 2001ರ ಪ್ರಯೋಗದಲ್ಲಿ ಭರವಸೆ ಮೂಡಿಸಿತ್ತಾದರೂ ಚಿಕಿತ್ಸೆಯಾಗಿ ಮಾರುಕಟ್ಟೆಗೆ ಬರಲಿಲ್ಲ. ಸುಮಾರು 10,000 ಹೃದ್ರೋಗಿಗಳ ಮೇಲೆ ನಡೆದ, 2017ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಕನಕಿನುಮ್ಯಾಬ್ ಎಂಬ ಉರಿಯೂತ ತಡೆಯುವ ಔಷಧ ಕೊಲೆಸ್ಟ್ರಾಲನ್ನು ಇಳಿಸದೆಯೇ ಹೃದಯಾಘಾತಗಳನ್ನು ತಗ್ಗಿಸಿತು. ಪ್ರಾಣಾಂತಿಕ ಸೋಂಕುಗಳು ಮಾತ್ರ ಹೆಚ್ಚಿದವು. ಫ್ರಾನ್ಸಿನಲ್ಲಿ ಅಲೆಯ ವೇಗವನ್ನೇ ಗುರಿಯಾಗಿಟ್ಟುಕೊಂಡು ಏರೊತ್ತಡಕ್ಕೆ ಚಿಕಿತ್ಸೆ ನೀಡಿದ, 2021ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಹೃದಯಾಘಾತ ಮುಂತಾದ ತೊಡಕುಗಳಲ್ಲಿ ಖಚಿತವಾದ ಇಳಿಕೆ ಸಿದ್ಧವಾಗಲಿಲ್ಲ.

ಭಾರತದಲ್ಲಿ ಅಧ್ಯಯನಗಳು

ಮೈಸೂರಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆ 1934ರಿಂದ ಕಾಯ್ದಿಟ್ಟ ಜನನ ದಾಖಲೆಗಳು ಈ ಕ್ಷೇತ್ರಕ್ಕೆ ಅಪರೂಪದ ಆಕರ. ಅಲ್ಲಿ ಹುಟ್ಟಿ ವಯಸ್ಕರಾದವರನ್ನು ಹುಡುಕಿ ನಡೆಸಿದ, 1996ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಕಡಿಮೆ ತೂಕದೊಂದಿಗೆ ಹುಟ್ಟಿದವರಲ್ಲಿ ಹೃದಯದ ಅಪಧಮನಿ ರೋಗ ಹೆಚ್ಚಿರುವುದು ಕಂಡಿತು. ಆದರೆ ಅಪಧಮನಿಗಳ ಹಿಗ್ಗುವ ಗುಣವನ್ನು ಅಳೆದು 2000ದಲ್ಲಿ ಪ್ರಕಟಿಸಿದ ವರದಿಯಲ್ಲಿ, ಹುಟ್ಟಿದಾಗ ಸಣ್ಣದಾಗಿದ್ದುದಕ್ಕೂ ಪೆಡಸುತನಕ್ಕೂ ನಂಟು ಕಾಣಲಿಲ್ಲ. ಹೈದರಾಬಾದಿನ ಸುತ್ತಲ ಹಳ್ಳಿಗಳಲ್ಲಿ ಗರ್ಭಿಣಿಯರಿಗೂ ಪುಟ್ಟ ಮಕ್ಕಳಿಗೂ ಪೂರಕ ಆಹಾರ ಒದಗಿಸಿದ್ದ ಕಾರ್ಯಕ್ರಮದ ಫಲಾನುಭವಿಗಳಲ್ಲಿ ಹದಿಹರೆಯದ ವೇಳೆಗೆ ಪೆಡಸುತನದ ಸೂಚ್ಯಂಕ ಕಡಿಮೆಯಿತ್ತೆಂದು 2008ರಲ್ಲಿ ವರದಿಯಾಯಿತು.

ಮದ್ರಾಸ್ ಐಐಟಿಯ ತಂತ್ರಜ್ಞರು ಚಿತ್ರ ಮೂಡಿಸದೆಯೇ ಅಲ್ಟ್ರಾಸೌಂಡಿನಿಂದ ಕೊರಳಿನ ಅಪಧಮನಿಯ ಪೆಡಸುತನ ಅಳೆಯುವ ಆರ್ಟ್‌ಸೆನ್ಸ್ ಎಂಬ ಸಾಧನವನ್ನು ರೂಪಿಸಿದ್ದಾರೆ. ಮುಪ್ಪಿನ ರಾಷ್ಟ್ರೀಯ ಸಮೀಕ್ಷೆ 2017-18ರಲ್ಲಿ 72,000ಕ್ಕೂ ಹೆಚ್ಚು ಜನರನ್ನು ಒಳಗೊಂಡಿತು, ಬೆರಳಿನ ರಕ್ತದ ಒಣ ಮಾದರಿಗಳನ್ನೂ ಸಂಗ್ರಹಿಸಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಮಿದುಳು ಸಂಶೋಧನಾ ಕೇಂದ್ರ ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲ್ಲೂಕಿನಲ್ಲಿ 45 ದಾಟಿದ ಗ್ರಾಮೀಣರ ದೀರ್ಘಾವಧಿ ಅಧ್ಯಯನವನ್ನು ನಡೆಸುತ್ತಿದೆ. ಭಾರತೀಯರಿಗೇ ಹೊಂದುವ ಮುಪ್ಪಿನ ಸೂಚಕಗಳನ್ನು ಗುರುತಿಸುವ ಭಾರತ್ ಎಂಬ ಅಧ್ಯಯನವನ್ನೂ ಇದೇ ವಿಜ್ಞಾನ ಸಂಸ್ಥೆ ಕೈಗೆತ್ತಿಕೊಂಡಿದೆ.

ಸದ್ಯದ ಸ್ಥಿತಿ

ನಾಡಿ ಅಲೆ ವೇಗದ ಅಳತೆ ಸಂಶೋಧನೆಯಲ್ಲಿ ನೆಲೆಗೊಂಡಿದೆ, ಆದರೆ ಸಾಮಾನ್ಯ ಚಿಕಿತ್ಸಾಲಯಗಳಿಗೆ ಇನ್ನೂ ವ್ಯಾಪಕವಾಗಿ ಬಂದಿಲ್ಲ. ಎಪಿಜೆನೆಟಿಕ್ ಗಡಿಯಾರಗಳು ಮತ್ತು ಪ್ರೋಟೀನು ಸೂಚ್ಯಂಕಗಳು ಗುಂಪುಗಳ ಹೋಲಿಕೆಗೆ ಉಪಯುಕ್ತವಾದರೂ, ವ್ಯಕ್ತಿಯೊಬ್ಬರ ಚಿಕಿತ್ಸೆಯನ್ನು ಅವುಗಳ ಮೇಲೆ ನಿರ್ಧರಿಸುವಷ್ಟು ಆಧಾರ ದೊರೆತಿಲ್ಲ. ಅಪಧಮನಿಯ ವಯಸ್ಸನ್ನು ತಾನೊಂದೇ ಹೇಳಬಲ್ಲ ರಕ್ತಪರೀಕ್ಷೆ ಯಾವುದೂ ಮಾನ್ಯವಾಗಿಲ್ಲ. ರಕ್ತದೊತ್ತಡದ ಎರಡು ಅಂಕಿಗಳು, ಅವುಗಳ ನಡುವಿನ ಅಂತರ, ರಕ್ತದ ಸಕ್ಕರೆ, ಕೊಲೆಸ್ಟ್ರಾಲ್ ಮತ್ತು ಮೂತ್ರಪಿಂಡದ ಪರೀಕ್ಷೆಗಳೇ ಇಂದಿಗೂ ದೈನಂದಿನ ವೈದ್ಯಕೀಯದ ಆಧಾರ.